ಶಾಲೆಯಿಂದ ಇಳಿದು ಒಲೆಯ ಮೇಲೇರಿದ ತಗಡುಗಳ ಕುರಿತು

ಶಾಲಾ ಕಟ್ಟಡಗಳ ಆಸ್ಬೆಸ್ಟಾಸ್ ನಿರ್ವಹಣಾ ಅನುದಾನದ ಅಧಿಕಾರಿಗಳಾದ ಮಾನ್ಯರೇ,

ಇಂಡಿ ತಾಲ್ಲೂಕು, ತಾಂಬಾ ರಸ್ತೆಯ ತೋಟದ ವಸ್ತಿಯಿಂದ ಸುರೇಖಾಳ ಶಿರಸಾ ನಮಸ್ಕಾರಗಳು. ತಾವು ಕುಶಲವೆಂದು ನಂಬಿದ್ದೇನೆ. ತಮ್ಮ ಕಚೇರಿಗೆ ಆರ್‌ಸಿಸಿ ಚಾವಣಿ ಇರುವುದನ್ನು ಹೊರಗಿನಿಂದ ನೋಡಿದ್ದೇನೆ.

ಆಸ್ಬೆಸ್ಟಾಸ್ ತಗಡಿನ ಪುಡಿ ಮಕ್ಕಳ ಎದೆಗೆ ಕೆಟ್ಟದ್ದೆಂದು ತಾವು ಅನುದಾನ ಕೊಟ್ಟು ನಮ್ಮ ಶಾಲೆಯ ತಗಡುಗಳನ್ನು ಇಳಿಸಿದ್ದಕ್ಕೆ ವಸ್ತಿಯವರೆಲ್ಲರ ವಂದನೆಗಳು. ಇಳಿಸಿದ್ದನ್ನು ಎಲ್ಲಿಡಬೇಕೆಂದು ಮಾತ್ರ ಅನುದಾನದಲ್ಲಿ ಹೇಳಿರಲಿಲ್ಲವಂತೆ. ಉಪಯೋಗಕ್ಕೆ ಬರುವುದನ್ನು ಬಿಸಾಡುವ ರೂಢಿ ನಮ್ಮಲ್ಲಿಲ್ಲವಾದ್ದರಿಂದ, ಒಡೆದವು ಕೋಳಿಗೂಡುಗಳಿಗೆ ಹೋದವು, ಗಟ್ಟಿಯಾದವು ಶಾಲೆಯ ಹಿಂದೆ ಬಯಲಲ್ಲಿದ್ದ ಬಿಸಿಯೂಟದ ಒಲೆಗೆ ಚಾವಣಿಯಾದವು. ಹೊಗೆ ಹೋಗಲೆಂದು ಗುತ್ತಿಗೆದಾರರು ಒಲೆಯ ನೇರಕ್ಕೆ ಗರಗಸದಿಂದ ಒಂದು ಕಿಂಡಿಯನ್ನೂ ಕೊಯ್ದುಕೊಟ್ಟರು. ಅಂದಿನಿಂದ ಗಾಳಿ ಎದ್ದಾಗಲೆಲ್ಲ ಆ ಅಂಚಿನಿಂದ ಬಿಳಿ ಪುಡಿ ಉದುರುತ್ತದೆ. ಕೆಳಗೆ ಅಡುಗೆ ಮಾಡುವ ನನ್ನ ಅವ್ವ ರೇವವ್ವ ಕೆಮ್ಮುತ್ತಾಳೆ, ಸೌಟಿನಿಂದ ಪುಡಿ ತೆಗೆಯುತ್ತಾಳೆ, ಮತ್ತೆ ಕೆಮ್ಮುತ್ತಾಳೆ. ಮಕ್ಕಳ ತಲೆಯ ಮೇಲಿದ್ದದ್ದು ಈಗ ತಟ್ಟೆಗೆ ಬರುತ್ತಿದೆ.

ಇವನ್ನೂ ಇಳಿಸಬೇಕೆಂದು ಮುಖ್ಯಗುರು ಸಿದ್ದಾರೂಢ ಸರ್ ಕೇಳಿಕೊಂಡಾಗ ತಾವೇ ತಪಾಸಣೆಗೆ ಬಂದಿರಿ. ಕೂತು ಕಲಿಯುವ ಜಾಗ ಮಾತ್ರ ಶಾಲಾ ಕಟ್ಟಡ, ಅಡುಗೆ ಮಾಡುವ ಜಾಗ ಅಲ್ಲ ಎಂದು ತಾಳ್ಮೆಯಿಂದ ತಿಳಿಸಿಕೊಟ್ಟಿರಿ. ಅವ್ವ ಒಲೆ ಊದುತ್ತಲೇ, "ಸಾಹೇಬ್ರ, ಸಾಲಿ ಮ್ಯಾಲ ಕೆಟ್ಟಿದ್ದ ತಗಡ ಒಲಿ ಮ್ಯಾಲ ಬಂದು ಶಾಣ್ಯಾ ಆತೇನ್ರಿ?" ಎಂದು ಕೇಳಿಬಿಟ್ಟಳು. ಅವಳು ಶಾಲೆ ಕಲಿತವಳಲ್ಲ, ಮನಸ್ಸಿಗೆ ಹಚ್ಚಿಕೊಳ್ಳಬಾರದು.

ನಿಯಮ ಮುರಿಯಿರೆಂದು ಕೇಳುವ ಧೈರ್ಯ ನನಗೂ ಇಲ್ಲ. ಆದ್ದರಿಂದ ದಯಮಾಡಿ ಅವ್ವನನ್ನು ಒಂದನೆಯ ಇಯತ್ತೆಗೆ ಸೇರಿಸಿಕೊಳ್ಳಬೇಕು. ಅವಳು ಒಲೆಯ ಮುಂದೆ ಪಾಟಿ ಹಿಡಿದು ಕೂತರೆ ಅದು ಕಲಿಯುವ ಜಾಗವಾಗುತ್ತದೆ, ಅನುದಾನಕ್ಕೂ ದಾರಿಯಾಗುತ್ತದೆ. ವಯಸ್ಸು ಅಡ್ಡ ಬರುವುದಾದರೆ, ಬೇಳೆ ಬೇಯುವವರೆಗೆ ಬೀಸಬಾರದೆಂದು ಗಾಳಿಗಾದರೂ ಒಂದು ಆದೇಶ ಹೊರಡಿಸಬೇಕು. ತಗಡು ಇಳಿಸಿದರೆ ಇಡಲು ಜಾಗವಿಲ್ಲವೆಂಬ ಚಿಂತೆ ತಮಗೆ ಬೇಡ. ಒದ್ದೆ ಗೋಣಿತಟ್ಟು ಹೊದಿಸಿ, ನಮ್ಮ ಬಂಡಿಯಲ್ಲೇ ತಮ್ಮ ಕಚೇರಿಯ ಬಾಗಿಲಿಗೆ ಮುಟ್ಟಿಸುತ್ತೇವೆ.

ಕಿಂಡಿಯ ಕೆಳಗಿನಿಂದ,
ತಮ್ಮ ವಿಶ್ವಾಸಿ,
ಸುರೇಖಾ

ತಾ.ಕ.: ತಪಾಸಣೆಯ ದಿನ ತಾವು ನಮ್ಮ ಸಾರು ಉಂಡು, "ಕೊಬ್ಬರಿ ಕೈಬಿಚ್ಚಿ ಹಾಕೀರಿ ಬಿಡ್ರಿ" ಎಂದು ಹೊಗಳಿ, ಇನ್ನೊಂದು ಸೌಟು ಹಾಕಿಸಿಕೊಂಡಿರಿ. ಅವ್ವ ನಾಚಿಕೊಂಡು ಹೌದ್ರಿ ಎಂದಳು. ಬಿಸಿಯೂಟಕ್ಕೆ ಕೊಬ್ಬರಿ ಎಂದೂ ಬಂದಿಲ್ಲ.