ಅಲುಗಾಡದ ಶಿಷ್ಯ

ಮೂವತ್ನಾಲ್ಕು ವರ್ಷ ಪಾಠ ಮಾಡಿ ನಿವೃತ್ತನಾದವನಿಗೆ ಮನೆಯಲ್ಲಿ ಕೇಳುಗರ ಬರ. ನಾನು ಬಾಯಿ ತೆರೆದರೆ ಸಾಕು, ನನ್ನಾಕೆ ಮಿಕ್ಸಿ ಹಾಕುತ್ತಾಳೆ. ಹೀಗಿರುವಾಗ ನಮ್ಮ ಶಾಲೆಯ ಡ್ರಾಯಿಂಗ್ ಮೇಷ್ಟ್ರು ಚಳಿಗಾಲಕ್ಕೆ ಮಗಳ ಮನೆಗೆ ಹೊರಟವರು, ಇಪ್ಪತ್ತು ವರ್ಷ ಸಾಕಿದ ತಮ್ಮ ಎರಡು ಬೋನ್ಸಾಯ್‌ಗಳನ್ನು ನಮ್ಮಲ್ಲಿ ತಂದಿಟ್ಟರು. ಒಂದು ಮೇಪಲ್, ಇನ್ನೊಂದು ಜುನಿಪರ್. ಎರಡೂ ಗೇಣುದ್ದದ ಮರಗಳು.

“ಮಕ್ಕಳ ಹಾಗೆ ಬೆಳೆಸಿದೀನಿ ಮೇಷ್ಟ್ರೇ. ಎರಡೂ ಹೊರಗೇ ಇರ್ಲಿ. ಚಳೀಲಿ ಅವು ನಿದ್ದೆ ಮಾಡ್ಬೇಕು.”

ನಿದ್ದೆ! ಅದೂ ನನ್ನ ಸುಪರ್ದಿನಲ್ಲಿ! (ನನ್ನ ತರಗತಿಯಲ್ಲಿ ಯಾರೂ ತೂಕಡಿಸಿದ್ದಿಲ್ಲ.) ಹೆಂಡತಿ ಮೇಪಲ್ಲನ್ನು ಹಿತ್ತಲ ಗೋಡೆಯ ಮರೆಯಲ್ಲಿಟ್ಟಳು. ನಾನು ಜುನಿಪರನ್ನು ಓದುವ ಕೋಣೆಗೆ ತಂದು, ಹೀಟರಿನ ಪಕ್ಕ ಪ್ರತಿಷ್ಠಾಪಿಸಿದೆ.

ತಿಂಗಳೊಳಗೆ ಮೇಪಲ್ ಎಲೆಯೆಲ್ಲ ಉದುರಿಸಿ ಅಸ್ಥಿಪಂಜರವಾಯಿತು. “ನಿನ್ನದು ಫೇಲು ಕಣೇ” ಎಂದೆ. ನನ್ನದು ಹಚ್ಚಹಸಿರು. ದಿನವೂ ಅದಕ್ಕೆ ಸಂಧಿ, ಸಮಾಸ ಹೇಳಿಕೊಟ್ಟೆ. ಎಂಥ ಏಕಾಗ್ರತೆ!

ಬರಬರುತ್ತ ಆ ಏಕಾಗ್ರತೆಯೇ ನನ್ನನ್ನು ಹೆದರಿಸತೊಡಗಿತು. ಅದಕ್ಕೆ ಒಂದೆಲೆ ಹೆಚ್ಚಲಿಲ್ಲ, ಒಂದೆಲೆ ಕಡಿಮೆಯಾಗಲಿಲ್ಲ. ಹಾಕಿದ ನೀರು ಮೂರು ದಿನವಾದರೂ ಹಾಗೇ ಇರುತ್ತಿತ್ತು, ಅತಿಥಿ ಮುಟ್ಟದ ಲೋಟದಂತೆ. ಮನೆಯ ಬೆಕ್ಕು ಹೊಸ್ತಿಲಲ್ಲೇ ನಿಂತು, ಕಣ್ಣಗಲಿಸಿ ನೋಡಿ, ಹಿಂದಕ್ಕೆ ಸರಿಯುತ್ತಿತ್ತು. ಮಧ್ಯಾಹ್ನ ಪುಸ್ತಕದ ಮೇಲೆ ಬಗ್ಗಿದರೆ, ಬೆನ್ನ ಹಿಂದೆ ಯಾರೋ ಉಸಿರು ಬಿಗಿಹಿಡಿದು ನಿಂತಂತೆ.

“ಆ ಕೋಣೇಲಿ ಏನೋ ಇದೆ ಕಣೇ.”

“ಇದೆ ಅಂತೀರಾ? ನನಗ್ಯಾಕೋ ಅಲ್ಲಿ ಏನೂ ಇಲ್ಲ ಅಂತಾನೇ ಅನುಮಾನ” ಎಂದಳು.

ಚಳಿ ಕಳೆದು ಡ್ರಾಯಿಂಗ್ ಮೇಷ್ಟ್ರು ಬಂದರು. ಹಿತ್ತಲಲ್ಲಿ ಮೇಪಲ್ ಮೈತುಂಬ ಕೆಂಪು ಚಿಗುರು ಹೊತ್ತು ನಿಂತಿತ್ತು. ಅದನ್ನು ಸವರಿ ಕೋಣೆಗೆ ಬಂದವರು, ಜುನಿಪರಿನ ತೊಗಟೆಯನ್ನು ಉಗುರಿನಿಂದ ಮೆಲ್ಲಗೆ ಗೀರಿದರು. ಒಳಗೆ ಹಸಿರಿಲ್ಲ, ಒಣ ಕಟ್ಟಿಗೆ. ಬೆರಳು ತಗುಲಿದ್ದೇ ಎಲೆಗಳು ಜರಜರನೆ ನನ್ನ ಪುಸ್ತಕದ ಮೇಲೆ ಸುರಿದವು.

“ಇದು ಹೋಗಿ ಮೂರು ತಿಂಗಳಾಗಿರ್ಬೇಕು ಮೇಷ್ಟ್ರೇ” ಎಂದರು. “ಈ ಜಾತಿ ಸತ್ತ ಮೇಲೂ ಬಹಳ ದಿನ ಹಸಿರಾಗೇ ಇರತ್ತೆ. ನಿಮಗೆ ಗೊತ್ತಾಗ್ಲಿಲ್ವಾ?”

ಹಾಗಾದರೆ ಇಷ್ಟು ದಿನ ನಾನು ಸಮಾಸ ಹೇಳಿಕೊಟ್ಟದ್ದು ಹೆಣಕ್ಕೆ!

“ಇವರಿಗೆ ಹೇಗೆ ಗೊತ್ತಾಗತ್ತೆ ಬಿಡಿ” ಎಂದಳು ನನ್ನಾಕೆ. “ಅಲ್ಲಾಡದೆ ಕೂತೋರೆಲ್ಲ ಪಾಠ ಕೇಳ್ತಿದಾರೆ ಅಂದ್ಕೊಂಡೇ ಮೂವತ್ನಾಲ್ಕು ವರ್ಷ ಕಳೆದೋರು.”

ಮೇಷ್ಟ್ರು ಎರಡು ಕುಂಡಗಳನ್ನೂ ಹೊತ್ತು, ನನ್ನತ್ತ ನೋಡದೆ ಹೊರಟುಹೋದರು. ಬೆಕ್ಕು ಒಳಗೆ ಬಂದು ಖಾಲಿಯಾದ ಜಾಗದಲ್ಲಿ ಕುಳಿತಿತು. ನಾನು ಬಾಯಿ ತೆರೆದೆ. ಎದ್ದು ಹೋಯಿತು.

ಸದ್ಯ, ಅದು ಬದುಕಿದೆ.