ಗೋಡೆಗೆ ಜ್ವರ ನೋಡುವ ಕಾಕಾ

ನಮ್ಮ ಕಾಕಾ ಯಾರ ಮನೆಗೆ ಹೋದರೂ ಮೊದಲು ವಿಚಾರಿಸುವುದು ಗೋಡೆಯನ್ನು, ಆಮೇಲೆ ಮನುಷ್ಯರನ್ನು! ಚಪ್ಪಲಿ ಬಿಟ್ಟು ಒಳಗೆ ಬಂದವರೇ ಕೈಯ ಹಿಂಬದಿಯನ್ನು ಗೋಡೆಗೆ ತಾಗಿಸಿ, ಕಣ್ಣು ಮುಚ್ಚಿ, "ಹೂಂ... ನಿಮ್ಮ ಗ್ವಾಡಿಗೆ ಜ್ವರ ಬಂದಾವ್ರಿ" ಎನ್ನುತ್ತಾರೆ. ಚಹಾ ತಂದವರು ಪಾಪ, ಟ್ರೇ ಹಿಡಿದು ನಿಂತೇ ಇರಬೇಕು. ಒಮ್ಮೆ ನಮ್ಮ ಮೈದುನನಿಗೆ ಹೆಣ್ಣು ನೋಡಲು ಹೋದಾಗ, "ಹುಡುಗಿ ಚಲೋ ಇದ್ದಾಳ, ಆದ್ರ ಪಡಸಾಲಿ ಭಾಳ ಕಾಯ್ತದ" ಎಂದು ಎಲ್ಲರೆದುರು ಅಭಿಪ್ರಾಯ ಕೊಟ್ಟರು. ಆ ಸಂಬಂಧ ಏನಾಯಿತೆಂದು ಬೇರೆ ಹೇಳಬೇಕೆ?

ಕಾಕಾ ಧಾರವಾಡದವರು, ಬ್ಯಾಂಕಿನ ನೌಕರಿಯಿಂದ ನಿವೃತ್ತರಾಗಿ ಮರಾಠಿ ಸೀಮೆಯ ಸಂಭಾಜಿನಗರದಲ್ಲೇ ನಿಂತವರು. ಅವರ ಹಳೆಯ ಸ್ಲ್ಯಾಬಿನ ಮನೆ ಏಪ್ರಿಲ್ ಬಂತೆಂದರೆ ರೊಟ್ಟಿಯ ಹಂಚು! ಅವರ ಹೆಂಡತಿ, ಅಂದರೆ ನಮ್ಮ ಕಾಕು, ಸೆಕೆ ತಾಳುವವರಲ್ಲ. ಒಂದು ಬೇಸಿಗೆ ರೊಟ್ಟಿ ಬಡಿಯುತ್ತಿದ್ದವರು ತಲೆ ತಿರುಗಿ ಅಲ್ಲೇ ಬಿದ್ದುಬಿಟ್ಟರು. ಅಂದಿನಿಂದ ಪ್ರತಿ ವರ್ಷ ಬೇಸಿಗೆ ಮುಗಿಯುವವರೆಗೆ ಕಾಕು ನಾಸಿಕದ ನಮ್ಮ ಮನೆಯಲ್ಲಿ, ಕಾಕಾ ಅಲ್ಲಿ ಒಬ್ಬರೇ. ನೀವೂ ಬನ್ನಿ ಎಂದರೆ, "ಗಿಡಕ್ಕ ನೀರು ಹಾಕೋರು ಯಾರವಾ?" ಎನ್ನುವರು. ಗಿಡ ಯಾವುದು? ಕುಂಡದಲ್ಲಿ ಒಂದು ತುಳಸಿ!

ಹೀಗೆ ಒಮ್ಮೆ ಕಾಕುವನ್ನು ಬಿಡಲು ಕಾಕಾ ಬಂದಿದ್ದಾಗ ಇಬ್ಬರನ್ನೂ ಹತ್ತಿರದ ದಿಂಡೋರಿಯ ಪರಿಚಯದವರ ದ್ರಾಕ್ಷಿ ತೋಟಕ್ಕೆ ಕರೆದುಕೊಂಡು ಹೋದೆ. ಹೋಗಬಾರದಿತ್ತು! ದ್ರಾಕ್ಷಿ ಇಡುವ ಕೋಲ್ಡ್ ಸ್ಟೋರೇಜಿನೊಳಗೆ ಹೊಕ್ಕ ಮನುಷ್ಯ ಹೊರಗೆ ಬರಲೊಲ್ಲರು. ಗೋಡೆಗೆ ಕೈ ಇಟ್ಟರು, ಕೆನ್ನೆ ಇಟ್ಟರು, ಕಿವಿಯನ್ನೂ ಇಟ್ಟರು. ಎರಡು ತಗಡುಗಳ ನಡುವೆ ಗಟ್ಟಿ ಫೋಮ್ ತುಂಬಿದ ಪ್ಯಾನೆಲ್, ಬಿಸಿಲನ್ನು ಒಳಗೆ ಬಿಡುವುದಿಲ್ಲ ಎಂದು ತೋಟದವರು ವಿವರಿಸಿದರು.

"ಹೊರಗ ಬೆಂಕಿ ಬೀಳ್ತದ, ಒಳಗ ದ್ರಾಕ್ಷಿ ಸ್ವೆಟರ್ ಕೇಳ್ತಾವ!" ಎಂದರು ಕಾಕಾ. "ಇಂಥಾದ್ರಾಗ ಮನಿ ಕಟ್ಟಿದ್ರ ಹೆಂಗ?"

"ನಾ ಏನ್ ದ್ರಾಕ್ಷಿ ಏನ್ರೀ, ಡಬ್ಬ್ಯಾಗ ಇಡ್ಲಿಕ್ಕೆ?" ಎಂದು ಕಾಕು ಸಿಡಿದರು.

ಒಂದು ಎಸಿ ಹಾಕಿಸಿದರೆ ಮುಗಿಯಿತಲ್ಲ ಎಂದೆ ನಾನು. "ಕರೆಂಟ್ ಹೋದ ಕೂಡ್ಲೇ ಮತ್ತ ಹಂಚss" ಎಂದರು ಕಾಕಾ. ಕೇಳುವ ಜೀವವೇ ಅದು? ಹಳೆ ಮನೆ ಮಾರಿಯೇ ಬಿಟ್ಟರು! ಊರ ಹೊರಗೆ ಕೊಂಡ ಪ್ಲಾಟಿಗೆ ಲಾರಿಯಲ್ಲಿ ಅಂಥವೇ ಗೋಡೆಗಳು ಬಂದಿಳಿದವು. "ಕಾಕಾ, ಘರ್ ಆಹೆ ಕೀ ಫ್ರಿಜ್?" ಎಂದು ಪಕ್ಕದವರು ಮರಾಠಿಯಲ್ಲಿ ಕಿಚಾಯಿಸಿದರು, ಇದು ಮನೆಯೋ ಫ್ರಿಜ್ಜೋ ಅಂತ. ಕಾಕು ಕ್ಯಾಲೆಂಡರ್ ತೂಗುಹಾಕಲು ಮೊಳೆ ಎತ್ತಿದರೆ ಸಾಕು, ಕಾಕಾ ಓಡಿ ಬಂದು ಸುತ್ತಿಗೆ ಕಸಿದುಕೊಳ್ಳುವರು. "ತೂತು ಬಿದ್ದರ ಬಿಸಿಲು ಒಳಗ ಬರ್ತದ!"

ಇನ್ನು ಗೃಹಪ್ರವೇಶ! ಬಂದ ನೆಂಟರಿಗೆಲ್ಲ ಒಳಗಿನ ತಂಪು ತೋರಿಸಬೇಕಲ್ಲ? ಕಿಟಕಿಗಳನ್ನು ಬಿಗಿಯಾಗಿ ಮುಚ್ಚಿ, ಬಾಗಿಲು ಹಾಕಿ, ನಡುಮನೆಯಲ್ಲಿ ಹೋಮಕ್ಕೆ ಕೂತರು. ಬಿಸಿಲು ಒಳಗೆ ಬರದ ಮನೆಯಿಂದ ಹೊಗೆ ಹೊರಗೆ ಹೋಗುವುದು ಎಲ್ಲಿಂದ? ಮೊದಲು ಭಟ್ಟರು ಕಾಣೆಯಾದರು, ಮಂತ್ರ ಮಾತ್ರ ಕೇಳಿಸುತ್ತಿತ್ತು. ಆಮೇಲೆ ಅದೂ ನಿಂತು ಕೆಮ್ಮು ಶುರುವಾಯಿತು. ಬಾಗಿಲು ತೆಗೆದಾಗ ತುಪ್ಪದ ಸೌಟಿನ ಸಮೇತ ಎಲ್ಲರಿಗಿಂತ ಮುಂದೆ ಅಂಗಳಕ್ಕೆ ಹಾರಿದವರು ಭಟ್ಟರೇ. "ಯಜಮಾನ್ರ, ಪೂರ್ಣಾಹುತಿಗೆ ನನ್ನss ಹಾಕಾವ್ರಿದ್ರೇನು?" ಎಂದು ಕೇಳಿದರು. ಮರುದಿನವೇ ಕಾಕಾ ಗಾಳಿ ಆಡಲು ದೊಡ್ಡ ಫ್ಯಾನು ಕೂಡಿಸಿದರು, ಅದಕ್ಕಾಗಿ ತಾವೇ ಗೋಡೆಗೆ ತೂತು ಹಾಕಿಸಿ!

ಈ ಸಲ ಏಪ್ರಿಲ್ ಬಂತು. ಎಂದಿನಂತೆ ಕಾಕುವಿಗೆ ಕೋಣೆ ಸಜ್ಜು ಮಾಡಿಟ್ಟೆ. ಫೋನೇ ಇಲ್ಲ. ಮೇ ತಿಂಗಳು ಬಂದರೂ ಸುದ್ದಿಯಿಲ್ಲ. ಏನು ಅವಾಂತರವಾಗಿದೆಯೋ ಎಂದು ಹೆದರಿ, ಕಾಕುವನ್ನು ಕರೆತರಲು ನಾನೇ ಕಾರು ತೆಗೆದುಕೊಂಡು ಹೊರಟೆ. ತಲುಪಿದಾಗ ಸುಡುಸುಡು ಮಧ್ಯಾಹ್ನ. ಅಂಗಳದ ಕಲ್ಲಿನ ಮೇಲೆ ಕಾಲಿಡಲಾಗಲಿಲ್ಲ.

ಒಳಗೆ ಫ್ಯಾನು ನಿಧಾನವಾಗಿ ತಿರುಗುತ್ತಿತ್ತು. ಅಡಿಗೆಮನೆಯಲ್ಲಿ ರೊಟ್ಟಿ ಬಡಿದಿಟ್ಟು, ಕಾಕು ನಡುಮನೆಯ ಚಾಪೆಯ ಮೇಲೆ ಬಾಯಿ ತೆರೆದು ನಿದ್ದೆ ಹೊಡೆಯುತ್ತಿದ್ದರು. ಪಕ್ಕದಲ್ಲಿ ಕೂತಿದ್ದ ಕಾಕಾ ನನ್ನನ್ನು ಕಂಡು ತುಟಿಗೆ ಬೆರಳಿಟ್ಟರು. ಆಮೇಲೆ ಮೆಲ್ಲಗೆ ಬಗ್ಗಿ, ಎಲ್ಲರ ಗೋಡೆ ಮುಟ್ಟುವ ಅದೇ ಕೈಯ ಹಿಂಬದಿಯನ್ನು ಕಾಕುವಿನ ಹಣೆಗೆ ತಾಗಿಸಿದರು.

"ತಂಪದಾಳವಾ," ಎಂದರು ಪಿಸುದನಿಯಲ್ಲಿ. "ಈ ವರ್ಷ ಒಂದ್ ಸಲಾನೂ ತಲಿ ತಿರಗಲಿಲ್ಲ. ಆಕಿ ಇಲ್ದ ಮನ್ಯಾಗ ಬ್ಯಾಸಿಗಿ ಕಳ್ಯೂದು ನನಗ ಸಾಕಾಗಿತ್ತು."

ಇಷ್ಟು ವರ್ಷ ನಾವು ನಕ್ಕಿದ್ದೇ ನಕ್ಕಿದ್ದು, ಈ ಮನುಷ್ಯನ ಸಂಕಟ ಒಬ್ಬರಿಗೂ ತಿಳಿಯಲಿಲ್ಲವಲ್ಲ!

ಕಾಕು ಬರಲಿಲ್ಲ. ಬುತ್ತಿ ಕಟ್ಟಿಕೊಟ್ಟು, "ಇನ್ನ ಸೆಕಿಗೆ ನೀವss ಇಲ್ಲಿ ಬರ್ರಿ" ಎಂದರು. ನಾಸಿಕಕ್ಕೆ ಬಂದು, ಅವರಿಗಾಗಿ ಸಜ್ಜು ಮಾಡಿದ್ದ ಖಾಲಿ ಕೋಣೆಗೆ ಹೋದೆ. ನನಗೇ ಗೊತ್ತಿಲ್ಲದಂತೆ ಕೈ ಗೋಡೆಯ ಮೇಲೆ ಹೋಯಿತು. ಜ್ವರ ಇತ್ತು.