ಅದೇ ಹಾಕಿದರೆ ಅದೇ ಬರುತ್ತೆ

ಎಲ್ಲಕ್ಕೂ ಮೂಲ ಆ ಎಸಿ ಕೋಣೆ. ಸೆಬು ಎಂಬ ದ್ವೀಪದ ಪಟ್ಟಣದ ಬೇಕರಿಯೊಂದರ ಮೇಲಿನ ಮಹಡಿಯಲ್ಲಿದ್ದ ಆ ಸಣ್ಣ ಸಾಫ್ಟ್‌ವೇರ್ ಕಚೇರಿಯಲ್ಲಿ ಎಲ್ಲರಿಗೂ ಫ್ಯಾನೇ ಗತಿ. ಕೆಳಗಿನ ಒಲೆಯ ಕಾವಿಗೆ ಬ್ರೆಡ್ಡಿನ ಜತೆ ಇವರೂ ಬೇಯುತ್ತಿದ್ದರು. ಎಸಿ ಇದ್ದದ್ದು ತರಬೇತಿ ಮುಖ್ಯಸ್ಥರ ಗಾಜಿನ ಕೋಣೆಗೆ ಮಾತ್ರ. ಹಳೆಯ ಮುಖ್ಯಸ್ಥರು ನಿವೃತ್ತರಾದಂದಿನಿಂದ ಕ್ರಿಸಾಂತೊ ಆ ಕುರ್ಚಿ ತನಗೇ ಎಂದು ನಂಬಿ, ಅದರ ಅಳತೆಗೆ ಒಂದು ಕುಷನ್ ಕೂಡ ಕೊಂಡಿಟ್ಟಿದ್ದ.

ಅಷ್ಟರಲ್ಲಿ ಗ್ಲೆಂಡಾ ಬಂದಳು. ನಿನ್ನೆ ಮೊನ್ನೆ ಸೇರಿದ ಹುಡುಗಿ. ಹೊಸಬರಿಗೆ ಹೊಸ ಪದ್ಧತಿಯಾದ ಫಂಕ್ಷನಲ್ ಪ್ರೋಗ್ರಾಮಿಂಗ್‌ನ ಅ ಆ ಇ ಈ ಕಲಿಸತೊಡಗಿದ್ದೇ ತಡ, ಕಚೇರಿಯೆಲ್ಲ ಅವಳ ಸುತ್ತ ಸುತ್ತತೊಡಗಿತು. ಕ್ರಿಸಾಂತೊ ಜೀವಮಾನವೆಲ್ಲ ಬರೆದದ್ದು ಹಳೇ ಪದ್ಧತಿಯ ಪ್ರೋಗ್ರಾಮು: ಪಟ್ಟಿಯೊಂದು ಸಿಕ್ಕಿದರೆ ಅದನ್ನೇ ತಿದ್ದು, ಅಳಿಸು, ಅದರ ಮೇಲೇ ಬರೆ. ಅವಳ ಹೊಸ ರಾಗ ಕಿವಿಗೆ ಬಿದ್ದರೆ ಅವನಿಗೆ ಮೈಯೆಲ್ಲ ಉರಿ. ಹೊಟ್ಟೆಕಿಚ್ಚು ಎಂದು ಬಾಯಿಬಿಟ್ಟು ಹೇಳಿಬಿಡುವುದೇ ವಾಸಿ.

ಶುಕ್ರವಾರ ಬೆಳಿಗ್ಗೆ ಪಕ್ಕದ ಮೇಜಿನ ಬೊಯೆಟ್, ಬಾಳೆಲೆಯಲ್ಲಿ ಸುಟ್ಟ ಅಕ್ಕಿ ಕೇಕು ಮೆಲ್ಲುತ್ತ ಉರಿಯುವ ಬೆಂಕಿಗೆ ತುಪ್ಪ ಸುರಿದ.

"ಕೇಳಿದ್ಯೇನೋ? ಸಂಜೆ ಗ್ಲೆಂಡಾ ಪಾಠಕ್ಕೆ ಮ್ಯಾಮ್ ಮೇನಾನೇ ಬಂದು ಕೂತ್ಕೋತಾರಂತೆ. ಮುಗಿದ ಮೇಲೆ ಎಸಿ ರೂಮು ಯಾರಿಗೆ ಅಂತ ಹೇಳ್ತಾರಂತೆ."

"ಹೇಳ್ಲಿ ಬಿಡು. ಅವರು ಕಂಪನಿ ಒಡತಿ. ನನಗೇನು?"

"ನಿನಗೇನೂ ಇಲ್ಲಪ್ಪ. ಆ ಕುಷನ್ ಸುಮ್ನೆ ಹಾಳಾಗುತ್ತಲ್ಲಾ ಅಂತ. ನಂಗೆ ಕೊಡ್ತೀಯಾ?"

ಕ್ರಿಸಾಂತೊ ಹಲ್ಲು ಕಡಿದ. ಮಧ್ಯಾಹ್ನ ಎಲ್ಲರೂ ಊಟಕ್ಕೆ ಎದ್ದಾಗ ಬೆಕ್ಕಿನ ಹೆಜ್ಜೆಯಲ್ಲಿ ಗ್ಲೆಂಡಾಳ ಕಂಪ್ಯೂಟರಿನ ಮುಂದೆ ಕುಳಿತ. ಸಂಜೆಯ ಪಾಠಕ್ಕೆಂದು ಅವಳು ಹಣ್ಣುಗಳ ಪಟ್ಟಿಯೊಂದನ್ನು ಸಿದ್ಧಪಡಿಸಿಟ್ಟಿದ್ದಳು. ಅರ್ಧ ಗಂಟೆ ತಡಕಾಡಿ 'ತಲೆಕೆಳಗಾಗು' ಎಂದು ಪಟ್ಟಿಗೆ ಆಜ್ಞೆ ಕೊಟ್ಟ. ಪರದೆಯ ಮೇಲೆ ಎಲ್ಲ ಉಲ್ಟಾ ಆಗಿ ಬಂತು. ಇನ್ನೇನು ಏಳಬೇಕು, ಆ ಊರಿನ ರೂಢಿಯಂತೆ ಊಟ ಮುಗಿಸಿ ಹಲ್ಲುಜ್ಜಿಕೊಂಡು ಬಂದ ಗ್ಲೆಂಡಾ ಬ್ರಷ್ ಹಿಡಿದು ಹಿಂದೆಯೇ ನಿಂತಿದ್ದಳು.

"ಅಯ್ಯೋ ಕುಯಾ! ನನ್ನ ಪಟ್ಟೀನ ತಿರುವಿ ಹಾಕಿದ್ರಾ?"

ಅಣ್ಣಾ ಎನ್ನುವಂತೆ ಅವಳು 'ಕುಯಾ' ಎಂದಾಗ ಕ್ರಿಸಾಂತೊ ದಡಬಡಿಸಿ ಎದ್ದ. "ಅದು... ಸುಮ್ನೆ... ನೋಡೋಣಾಂತ..."

"ಈಗ ಹಳೇ ಪಟ್ಟಿ ಕೇಳಿ ನೋಡಿ." ಅವಳೇ ಕೀಲಿ ಒತ್ತಿದಳು. ಮೊದಲಿನ ಪಟ್ಟಿ ಕೂದಲೂ ಕೊಂಕದೆ ಹಾಗೇ ಬಂತು. "ನೋಡಿದ್ರಾ? ಈ ಪದ್ಧತೀಲಿ ಮೂಲವನ್ನ ಮುಟ್ಟೋದೇ ಇಲ್ಲ. ತಿರುಗಿಸು ಅಂದ್ರೆ ತಿರುಗಿಸಿದ ಬೇರೆ ಪಟ್ಟಿ ಮಾಡಿ ಕೊಡುತ್ತೆ, ಅಷ್ಟೆ. ಊಟಾನೂ ಬಿಟ್ಟು ಕಲೀತಿದ್ದೀರಲ್ಲ ಕುಯಾ, ನಂಗೆಷ್ಟು ಖುಷಿಯಾಯ್ತು ಗೊತ್ತಾ!"

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಹೊಗಳಿದಳು. ಅದರಿಂದ ಅವನಿಗೆ ಇನ್ನೂ ಉರಿಯಿತು. ಕಂಪ್ಯೂಟರಿನಲ್ಲಿ ಆಗದ್ದನ್ನು ಕೈಯಲ್ಲಿ ಮಾಡುತ್ತೇನೆಂದು ಹಲ್ಲುಮುಡಿ ಕಚ್ಚಿ ಅಡುಗೆಮೂಲೆಗೆ ಹೋದ. ಅಲ್ಲಿ ಪಾಠಕ್ಕೆಂದು ನಿಂಬೆಯಂಥ ಪುಟ್ಟ ಕಲಮಾನ್ಸಿ ಹಣ್ಣು, ನೀರಿನ ಹೂಜಿ, ಸಕ್ಕರೆ ಡಬ್ಬಿ ಜೋಡಿಸಿಟ್ಟಿದ್ದವು. ಡಬ್ಬಿಯ ಸಕ್ಕರೆಯನ್ನು ಕಸದ ತೊಟ್ಟಿಗೆ ಸುರಿದು ಪುಡಿಯುಪ್ಪು ತುಂಬಿದ.

ಸಂಜೆ ಮ್ಯಾಮ್ ಮೇನಾ ಮುಂದಿನ ಸಾಲಿನಲ್ಲಿ ಬೀಸಣಿಗೆ ಬೀಸುತ್ತ ಕುಳಿತರು. ಗ್ಲೆಂಡಾ ಶುರು ಮಾಡಿದಳು.

"ಫಂಕ್ಷನ್ ಅಂದ್ರೆ ಒಬ್ಬ ಪಾನಕ ಮಾಡೋನು ಅಂದ್ಕೊಳ್ಳಿ. ಅದೇ ಹಣ್ಣು, ಅಷ್ಟೇ ಸಕ್ಕರೆ, ಅಷ್ಟೇ ನೀರು ಕೊಟ್ರೆ ಅದೇ ರುಚಿ ಬರ್ಬೇಕು. ಇವತ್ತು ಮಾಡಿದ್ರೂ ಅದೇ, ನಾಳೆ ಮಾಡಿದ್ರೂ ಅದೇ. ಮಾಡ್ತಾ ಮಾಡ್ತಾ ಪಕ್ಕದೋರ ತಟ್ಟೆಗೆ ಕೈ ಹಾಕೋ ಹಾಗೂ ಇಲ್ಲ."

ಎಲ್ಲರೂ ಬೊಯೆಟ್‌ನ ಕಡೆ ನೋಡಿ ನಕ್ಕರು. ಅವನು ಪಕ್ಕದವಳ ಸಂಜೆತಿಂಡಿಯ ತಟ್ಟೆಯಿಂದ ಕೈ ಹಿಂದೆ ತೆಗೆದ.

ಗ್ಲೆಂಡಾ ಒಂದೇ ಅಳತೆಯಲ್ಲಿ ಎರಡು ಗ್ಲಾಸು ಪಾನಕ ಕಲಸಿದಳು. "ಎರಡೂ ಒಂದೇನಾ ಅಂತ ಕುಯಾ ಕ್ರಿಸಾಂತೊ ಕುಡಿದು ಹೇಳ್ಲಿ!"

ಕಳ್ಳನ ಮನಸ್ಸು ಹುಳ್ಳುಳ್ಳಗೆ. ಒಂದು ಗುಟುಕು ಕುಡಿದದ್ದೇ ತಡ, ಸೆಬುವಿನ ಸುತ್ತಲ ಸಮುದ್ರವೆಲ್ಲ ಬಾಯೊಳಗೆ ಬಂದಂತಾಯಿತು. ಉಗಿದರೆ, ಡಬ್ಬಿ ಮುಟ್ಟಿದವರಾರು ಎಂಬ ಮಾತು ಬರುತ್ತದೆ. ಅದೂ ಅಲ್ಲದೆ ಕೈಯಾರೆ ಕೊಟ್ಟದ್ದನ್ನು ಚೆನ್ನಾಗಿಲ್ಲ ಎನ್ನುವುದು ಆ ಊರಿನಲ್ಲಿ ಕೊಟ್ಟವರ ಮುಖಕ್ಕೆ ಹೊಡೆದ ಹಾಗೆ.

"ಸಿಹಿ!" ಎಂದ, ಕಣ್ಣಲ್ಲಿ ನೀರು ತುಂಬಿಕೊಂಡು.

"ಇನ್ನೊಂದು?"

"ಅದೂ... ಅದೇ ಸಿಹಿ."

ಗ್ಲೆಂಡಾ ಹೂಜಿಯಲ್ಲೇ ಕಲಸಿ ಎಲ್ಲರಿಗೂ ಹಂಚಿದಳು. ಹೊಸಬರು ಒಂದೊಂದು ಗುಟುಕು ಕುಡಿದು ಮುಖ ಕಿವುಚಿ, "ಆಹಾ," "ಬಹಳ ರುಚಿ," "ಅಮ್ಮ ಮಾಡಿದ ಹಾಗಿದೆ" ಎಂದರು. ನಾಚಿಕೆ ಎಂಬುದನ್ನು ಹುಟ್ಟಿದಾಗಲೇ ಮನೆಯಲ್ಲಿ ಬಿಟ್ಟು ಬಂದಿದ್ದ ಬೊಯೆಟ್ ಮಾತ್ರ ಕುಡಿದದ್ದನ್ನೆಲ್ಲ ಮುಂದಿದ್ದವನ ಬೆನ್ನಿಗೆ ಉಗಿದ.

"ಥೂ! ಉಪ್ಪು ಕಣ್ರೀ! ಬರೀ ಉಪ್ಪು! ಇದನ್ನ ಸಿಹಿ ಅಂದೋರ ನಾಲಗೆ ಬಿದ್ದುಹೋಗ!"

ಕ್ರಿಸಾಂತೊ ಒಳಗೊಳಗೇ ಕುಣಿದ. ಮುಗಿಯಿತು ಗ್ಲೆಂಡಾಳ ಕತೆ! ಅವಳು ತಾನೂ ಒಂದು ಗುಟುಕು ಕುಡಿದಳು. ಕುಡಿದವಳೇ ಚಪ್ಪಾಳೆ ತಟ್ಟಿದಳು.

"ಇದಕ್ಕಿಂತ ಒಳ್ಳೇ ಉದಾಹರಣೆ ನಾನು ಹುಡುಕಿದ್ರೂ ಸಿಗ್ತಿರಲಿಲ್ಲ! ಯಾರೋ ಗೊತ್ತಾಗದೆ ಡಬ್ಬಿಗೆ ಉಪ್ಪು ತುಂಬಿದಾರೆ. ಉಪ್ಪು ಹಾಕಿದ್ವಿ, ಎಲ್ಲಾ ಗ್ಲಾಸಲ್ಲೂ ಉಪ್ಪೇ ಬಂತು. ಕಲಸೋನ ತಪ್ಪೇನೂ ಇಲ್ಲ. ಒಳಗೆ ಏನು ಹೋಯ್ತು ಅಂತ ಮೊದಲು ನೋಡಿ!"

ಕೋಣೆ ತುಂಬ ಚಪ್ಪಾಳೆ. ಮ್ಯಾಮ್ ಮೇನಾ ಎದ್ದು ನಿಂತರು.

"ಗ್ಲೆಂಡಾ ಮದುವೆಯಾಗಿ ದಾವಾವೊಗೆ ಹೋಗ್ತಿದಾಳೆ. ಮುಖ್ಯಸ್ಥರಾಗಿ ಯಾರನ್ನ ಮಾಡ್ಲಿ ಅಂತ ಮಧ್ಯಾಹ್ನ ಕೇಳಿದ್ರೆ, ಕ್ರಿಸಾಂತೊ, ನಿನ್ನ ಹೆಸರೇ ಹೇಳಿದ್ಲು. ಊಟ ಬಿಟ್ಟು ಕಲೀತಾನೆ ಅಂದ್ಲು. ನಾನೂ ಒಪ್ಪಿದ್ದೆ."

"ಥ್ಯಾಂಕ್ಯೂ ಮ್ಯಾಮ್!"

"ತಾಳಪ್ಪ. ಉಪ್ಪುನೀರನ್ನ ಸಿಹಿ ಅಂದೋನು ನೀನು. ಮಕ್ಕಳು ತಪ್ಪು ಪ್ರೋಗ್ರಾಂ ಬರೆದು ತಂದ್ರೂ ಸಿಹಿ ಅಂತೀಯಾ? ಕಲಿಸೋನಿಗೆ ದಾಕ್ಷಿಣ್ಯ ಇರಬಾರ್ದು. ಮುಖ ಮೂತಿ ನೋಡದೆ ಉಗಿಯೋನು ಇಲ್ಲಿ ಒಬ್ಬನೇ ಇದಾನೆ."

ಬೊಯೆಟ್ ತನ್ನ ಹಿಂದೆ ಯಾರಿದ್ದಾರೆಂದು ತಿರುಗಿ ನೋಡಿದ. ಹಿಂದೆ ಗೋಡೆ ಇತ್ತು.

ಉಪ್ಪೆಂದು ಎಲ್ಲರಿಗಿಂತ ಮೊದಲು ಗೊತ್ತಿದ್ದವನು ಕ್ರಿಸಾಂತೊನೇ. ಆದರೆ ಗೊತ್ತಿತ್ತು ಎಂದರೆ ಹೇಗೆ ಗೊತ್ತಿತ್ತು ಎಂದೂ ಹೇಳಬೇಕಾಗುತ್ತಿತ್ತು. ಬಾಯಲ್ಲಿದ್ದ ಉಪ್ಪನ್ನು ನುಂಗಿಕೊಂಡ.

ಗ್ಲೆಂಡಾ ಊರು ಬಿಡುತ್ತಾಳಲ್ಲ ಎಂದಾದರೂ ಸಂತೋಷಪಡಲು ನೋಡಿದ. ಆಗಲಿಲ್ಲ. ಗಾಜಿನಾಚೆ ಬೊಯೆಟ್ ಆಗಲೇ ಎಸಿ ಕುರ್ಚಿಯಲ್ಲಿ ಕಾಲು ಚಾಚಿದ್ದ. ಅವಳ ಪಾಠವೇನೋ ಸರಿ, ಆದರೆ ಕ್ರಿಸಾಂತೊನ ಹೊಟ್ಟೆಗೆ ಗ್ಲೆಂಡಾಳನ್ನು ಹಾಕಿದರೂ ಬೊಯೆಟ್‌ನನ್ನು ಹಾಕಿದರೂ ಬರುತ್ತಿದ್ದದ್ದು ಒಂದೇ ಉರಿ.

ಗಾಜಿನ ಬಾಗಿಲು ಚೂರೇ ತೆರೆದು ಬೊಯೆಟ್ ತಲೆ ಹೊರಹಾಕಿದ.

"ಕುಷನ್ ಏನೋ ಅಳತೆಗೆ ಸರಿಯಾಗಿದೆ ಕಣೋ. ಆದ್ರೆ ಒಳಗೆ ಸಿಕ್ಕಾಪಟ್ಟೆ ಚಳಿ. ಮನೇಲಿ ಕಂಬಳಿ ಇದ್ರೆ ನಾಳೆ ತರ್ತೀಯಾ?"